ಅರ್ಧಕ್ಕೆ ನಿಂತ ಹಿಡಿಕೆ

"ಎಳೀರ್ಲಾ, ಇನ್ನೊಸಿ ಬಿಗಿಯಾಗೆಳೀರಿ. ತಲೆ ಮುಂದಕ್ಕೆ ಬಾಗ್ತಾ ಅದೆ."

ಗೋಡೆಗೆ ಹೊಡೆದ ಗೂಟಗಳಿಗೆ ಪಂಚೆಯ ಎರಡು ತುದಿ ಕಟ್ಟಿ, ನಡುವೆ ಕಂಠಪ್ಪನ ಎದೆಯನ್ನು ಬಿಗಿದು ಕೂರಿಸುತ್ತಿದ್ದರು. ಹಣೆಗೆ ಇನ್ನೊಂದು ಪಟ್ಟಿ ಕಟ್ಟಿದ ಮೇಲೆ ತಲೆ ನಿಂತಿತು. ಕಾಲಿನ ಕೆಲಸವೇ ಇರಲಿಲ್ಲ. ಅವನು ಚಕ್ಕಂಬಟ್ಟಲು ಹಾಕಿಕೊಂಡೇ ಸತ್ತಿದ್ದ. ಲಿಂಗವಂತರ ಹೆಣವನ್ನು ಹೇಗೆ ಕೂರಿಸಬೇಕೋ ಹಾಗೆಯೇ ಕೂತು ಹೋಗಿದ್ದ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ತಂದು ಲಿಂಗ ಇಡಲು ಅಣಿ ಮಾಡಿದರು. ಬಲಗೈ ಮಾತ್ರ ಬಗ್ಗಲಿಲ್ಲ.

"ಬಿಸಿನೀರು ಹಾಕಿ ನೀವ್ರಪ್ಪ," ಎಂದರು ಮಠದ ಅಯ್ಯನವರು, ವಿಭೂತಿ ಕಲಸುತ್ತ. "ಸೆಟೆದದ್ದು ತಾನೇ ಇಳೀತದೆ."

ಇಬ್ಬರು ನೀವಿದರು. ಇಳಿಯಲಿಲ್ಲ. ಮೊಣಕೈ ಮಡಿಸಿಕೊಂಡು, ಬೆರಳುಗಳು ಏನನ್ನೋ ಹಿಡಿದ ಹಾಗೆ ಸುರುಟಿಕೊಂಡು, ಕೈ ಎದೆಯ ಎತ್ತರದಲ್ಲಿ ನಿಂತಿತ್ತು.

"ಆಶೀರ್ವಾದ ಮಾಡಂಗವ್ರೆ ಬುಡಿ, ಇರ್ಲಿ," ಎಂದ ಯಾರೋ. ಒಬ್ಬಿಬ್ಬರು ನಗು ತಡೆದುಕೊಂಡರು.

ನೀಲಾಂಬಿಕೆ ಹೆಣದ ಬಲಗಡೆ ಕೂತಿದ್ದಳು. ಎತ್ತುವ ತನಕ ಹೆಂಡತಿ ಆ ಜಾಗ ಬಿಟ್ಟು ಏಳಬಾರದು. ನಿನ್ನೆ ದೀಪ ಹಚ್ಚುವ ಹೊತ್ತಿನಿಂದ ಅತ್ತು ಅತ್ತು ಅವಳಿಗೆ ಈಗ ಅಳು ಬರುತ್ತಿರಲಿಲ್ಲ. ಬಂದವರು ಕಾಲು ಮುಟ್ಟುವುದನ್ನೂ, ಹೂ ಇಡುವುದನ್ನೂ, ಎದ್ದು ಹೋಗುವುದನ್ನೂ ಸುಮ್ಮನೆ ನೋಡುತ್ತಿದ್ದಳು. ಆ ಕೈಯನ್ನೂ ಹಾಗೆಯೇ ನೋಡುತ್ತಿದ್ದಳು. ಹನ್ನೆರಡು ತಿಂಗಳೂ ನೋಡಿದ ಕೈ. ತೋಟಾ ತುಂಬುವ ಯಂತ್ರದ ಹಿಡಿಕೆ ಮೇಲಿದ್ದರೆ ಆ ಕೈ ಹಣೆಯ ಹತ್ತಿರ ಇರಬೇಕು. ಹಿಡಿಕೆಯನ್ನು ಪೂರ್ತಿ ಎಳೆದಿದ್ದರೆ ಮಂಡಿಯ ಹತ್ತಿರ ಇರಬೇಕು.

ಎದೆಯ ಹತ್ತಿರ ಇತ್ತು.



ಆಗಲೇ ಬಾಗಿಲಲ್ಲಿ ಅಂತರಸಂತೆಯ ಅಣ್ಣಯ್ಯ ಕಾಣಿಸಿಕೊಂಡ. ಹೆಗಲಿಗೆ ಕೋವಿ, ಕಂಕುಳಲ್ಲಿ ಹೂವಿನ ಹಾರ. ಹೊಲ ಕಾಯುವ ರೈತ. ಕಾಡಿನ ಅಂಚಿನಲ್ಲಿ ರಾಗಿ ಬೆಳೆದು, ಅರ್ಧ ಹಂದಿಗೆ ಕೊಟ್ಟು ಉಳಿದದ್ದನ್ನು ಮನೆಗೆ ತರುವವನು. ಕೋವಿಯನ್ನು ಜಗುಲಿಯ ಕಂಬಕ್ಕೆ ಒರಗಿಸಿ ಒಳಗೆ ಬಂದು, ಹಾರ ಹಾಕಿ, ಅಡ್ಡಬಿದ್ದ.

"ಅಮ್ಮಾರೆ," ಎಂದ ಕಣ್ಣೊರೆಸಿಕೊಂಡು, "ಇವರು ತುಂಬಿಕೊಟ್ಟ ತೋಟಾ ಒಂದು ದಿನಾನೂ ಕೈ ಕೊಡ್ಲಿಲ್ಲ. ಇಂತೋರ್ನ ಮೂಗರಂಗೆ ಕಳಿಸಾಕಾಯ್ತದಾ? ಬಿದಿರ ವಿಮಾನದಲ್ಲಿ ಕೂರ್ಸಿ ಎತ್ತೋವಾಗ ನಾವೆಲ್ಲ ಒಂದೊಂದು ಈಡು ಆರಿಸ್ತೀವಿ. ಕೊಡಗರು ಮಾಡಕಿಲ್ವಾ, ಅಂಗೆ. ಇವರ ತಮ್ಮ ಷಣ್ಮುಖಪ್ನೋರು ಒಪ್ಪವ್ರೆ. ಕಂಠಪ್ನೋರು ಕೈಯಾರೆ ತುಂಬಿದ ಕೊನೇ ತೋಟಾನೆ ಕೊಟ್ಟವ್ರೆ, ಮೊರದಲ್ಲಿದ್ದವು. ಅದರಲ್ಲೇ ಆರಿಸ್ತೀವಿ."

ಅವನು ಸೊಂಟದ ಚೀಲ ತಟ್ಟಿ ತೋರಿಸಿದ.

"ಕೋವಿಗೂ ಒಂದು ಆಕಿ ಮಡಗಿವ್ನಿ," ಎಂದು ಎದ್ದು ಹೋದ.

*

ಯಂತ್ರ ಬಂದದ್ದು ವಯನಾಡಿನ ಕಡೆಯಿಂದ. ಅಲ್ಲಿಯ ಎಸ್ಟೇಟಿನ ದೊರೆಯೊಬ್ಬ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟಾಗ, ಕುರ್ಚಿ ಮೇಜುಗಳನ್ನು ಕೊಳ್ಳಲು ಹೋದ ಗಾಡಿಯಲ್ಲಿ ಕಂಠಪ್ಪನೂ ಹೋಗಿದ್ದ. ಸರಗೂರಿನಲ್ಲಿ ಅವನದು ಬೆಲ್ಲ, ಹಗ್ಗ, ಮೊಳೆಗಳ ಅಂಗಡಿ. ಎಲ್ಲರೂ ಕುರ್ಚಿ ತಂದರು. ಅವನು ಒಂದು ಮರದ ಪೆಟ್ಟಿಗೆ ತಂದ.

ಆಗೆಲ್ಲ ತೋಟಾ ಕೋವಿ ಇದ್ದವರು ಹಾರಿಸಿದ ಮೇಲೆ ಉಳಿಯುವ ಕಾಗದದ ಕೊಳವೆಗೆ ತಾವೇ ಮದ್ದು ತುಂಬಿಕೊಳ್ಳುತ್ತಿದ್ದರು. ಚಮಚದಲ್ಲಿ, ಅಂದಾಜಿನಲ್ಲಿ. ಬೇಗೂರಿನ ಒಬ್ಬನಿಗೆ ಹಾಗೆ ತುಂಬಿಕೊಂಡು ಎಡಗೈಯ ಮೂರು ಬೆರಳು ಹೋಗಿದ್ದವು. ಅವನು ಕಂಠಪ್ಪನ ಅಂಗಡಿಗೆ ಬೆಲ್ಲಕ್ಕೆ ಬಂದಾಗಲೆಲ್ಲ ಆ ಕೈಯನ್ನು ಮುಂದೆ ಚಾಚುತ್ತಿದ್ದ. ಕಂಠಪ್ಪ ಬೆಲ್ಲವನ್ನು ಆ ಕೈಗೆ ಇಡಲಾರದೆ ತಟ್ಟೆಯ ಮೇಲೆ ಇಡುತ್ತಿದ್ದ.

ಪೆಟ್ಟಿಗೆಯೊಳಗೆ ಕಬ್ಬಿಣದ ಕಂಬ, ಅದರ ಬುಡದಲ್ಲಿ ತಿರುಗುವ ತಟ್ಟೆ, ತಟ್ಟೆಯಲ್ಲಿ ಐದು ಗುಳಿ, ಮೇಲೆ ಮದ್ದಿಗೊಂದು, ಸೀಸದ ಕಾಳಿನ ಚರೆಗೊಂದು ಗಾಜಿನ ಬುರುಡೆ, ಪಕ್ಕದಲ್ಲಿ ಉದ್ದನೆಯ ಹಿಡಿಕೆ. ಹಿಡಿಕೆ ಎಳೆದರೆ ಐದು ಗುಳಿಗಳಲ್ಲೂ ಒಟ್ಟಿಗೇ ಕೆಲಸ ನಡೆಯುತ್ತಿತ್ತು. ಒಂದರಲ್ಲಿ ಮದ್ದಿಗೆ ಕಿಡಿ ಹತ್ತಿಸಿ ಸುಟ್ಟುಹೋದ ಕೇಪು ಉದುರುವುದು, ಇನ್ನೊಂದರಲ್ಲಿ ಹೊಸ ಕೇಪು ಕೂರುವುದು, ಮತ್ತೊಂದರಲ್ಲಿ ಮದ್ದು ಸುರಿಯುವುದು, ಆಮೇಲೆ ಮದ್ದನ್ನು ಒತ್ತಿ ಹಿಡಿಯುವ ಬಿರಟೆ ಮತ್ತು ಚರೆ, ಕೊನೆಯದರಲ್ಲಿ ಬಾಯಿ ಮಡಿಯುವುದು. ಹಿಡಿಕೆ ಪೂರ್ತಿ ಕೆಳಗೆ ಮುಟ್ಟಿದಾಗ ತಟ್ಟೆ ಒಂದು ಗುಳಿಯಷ್ಟು ತಿರುಗಿ ತುಂಬಿದ ತೋಟಾವೊಂದು ಹೊರಗೆ ಬೀಳುತ್ತಿತ್ತು.

ಹಾಗೆ ಆಗಬೇಕಿತ್ತು. ಆಗಲಿಲ್ಲ. ಜೊತೆಗಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಅವನಿಗೆ ಅರ್ಥವಾದದ್ದು ಚಿತ್ರಗಳು ಮಾತ್ರ. ತಟ್ಟೆ ತಿರುಗಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಕೇಪು ಅಡ್ಡ ಬೀಳುತ್ತಿತ್ತು. ಮಳೆಗಾಲದಲ್ಲಿ ಕಾಗದದ ಕೊಳವೆ ಉಬ್ಬಿ ಗುಳಿಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ಅವನು ತಟ್ಟೆಯ ಹಲ್ಲನ್ನು ಅರದಿಂದ ಉಜ್ಜಿದ, ಕೊಳವೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ. ಕುರ್ಚಿಯಲ್ಲಿ ಕೂತರೆ ಕೈಗೆ ಹಿಡಿತ ಸಿಗದೆಂದು ಯಂತ್ರವನ್ನು ಮೊಳದೆತ್ತರದ ಹುಣಸೆ ಕೊರಡಿಗೆ ಬಿಗಿದು, ಅಂಗಡಿಯಲ್ಲಿ ಕೂರುವ ಹಾಗೆ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತ. ಮದ್ದನ್ನು ಮುಟ್ಟುವ ಧೈರ್ಯ ಬರುವ ತನಕ ಬುರುಡೆಗಳಲ್ಲಿ ಮದ್ದಿನ ಬದಲು ಗಸಗಸೆ, ಚರೆಯ ಬದಲು ಸಾಸಿವೆ ಹಾಕಿಕೊಂಡ.

"ಒಗ್ಗರಣೆಗೆ ಸಾಸಿವೆ ಇಲ್ಲ," ಎಂದು ನೀಲಾಂಬಿಕೆ ಬಾಗಿಲಲ್ಲಿ ನಿಂತು ಹೇಳಿದ್ದಳು. "ನಿಮ್ಮ ಕೋವಿಯಿಂದ ನಾಕು ಕಾಳು ಕೊಟ್ರೆ ಊಟ ಆಯ್ತದೆ."

ಅವನು ತಿರುಗಿ ನಕ್ಕ. ಹಿಡಿಕೆ ಅರ್ಧ ಇಳಿದಿತ್ತು. ನಕ್ಕು, ಹಿಡಿಕೆಯನ್ನು ಮೇಲೆತ್ತಿ, ಮತ್ತೆ ಎಳೆದ. ಆಮೇಲೆ ಏನೋ ಅನುಮಾನ ಬಂದು ಆ ಸುತ್ತಿನ ತೋಟಾಗಳನ್ನೆಲ್ಲ ಚಾಕುವಿನಿಂದ ಕೊಯ್ದು ಕಾಗದದ ಮೇಲೆ ಸುರಿದ. ಒಂದರಲ್ಲಿ ಗಸಗಸೆ ಎರಡು ಪಾಲಿತ್ತು.

ಇಬ್ಬರೂ ಆ ಬಿಳಿ ಗುಡ್ಡೆಯನ್ನು ನೋಡುತ್ತ ಕೂತರು.

"ಹಿಡಿಕೆ ಅರ್ಧಕ್ಕೆ ಬರೋ ಹೊತ್ಗೆ ಮದ್ದು ಸುರಿದಾಗಿರ್ತದೆ," ಎಂದ ಅವನು ನಿಧಾನವಾಗಿ. "ತಟ್ಟೆ ತಿರುಗೋದು ಪೂರ್ತಿ ಎಳೆದ್ರೇನೆ. ನಡುವೆ ನಿಲ್ಲಿಸಿ ಮತ್ತೆ ಎತ್ತಿದ್ರೆ ಅದೇ ತೋಟಾಕ್ಕೆ ಇನ್ನೊಂದು ಸಲ ಬೀಳ್ತದೆ. ಬಾಯಿ ಮಡಿದ ಮೇಲೆ ಹೊರಗಿಂದ ಏನೂ ಗೊತ್ತಾಗಕಿಲ್ಲ. ನೋಡು, ಇದೂ ಅದೂ ಒಂದೇ ಥರ."

"ತಕ್ಕಡಿಗೆ ಹಾಕಿದ್ರೆ?"

"ಚರೆ ನಾಕು ಕಾಳು ಹೆಚ್ಚು ಕಮ್ಮಿ ಇದ್ದೇ ಇರ್ತವೆ. ತೂಕ ನಂಬಕಾಗಕಿಲ್ಲ."

"ಮದ್ದು ಎರಡು ಪಾಲಾದ್ರೆ ಏನಾಯ್ತದೆ?"

ಅವನು ತನ್ನ ಎಡಗೈಯನ್ನು ನೋಡಿಕೊಂಡ.

ಅಂದಿನಿಂದ ಅವನು ಯಂತ್ರದ ಕೋಣೆಯಲ್ಲಿ ಕೂತಾಗ ಯಾರೂ ಮಾತಾಡಿಸಬಾರದು. ಬೆಂಕಿ ಬಿದ್ದರೂ ಕೂಗಬಾರದು. ನಡುವೆ ಕೈ ನಿಂತರೆ, ಸೀನು ಬಂದು ನಿಂತರೂ ಸರಿ, ತಟ್ಟೆಯಲ್ಲಿದ್ದದ್ದನ್ನೆಲ್ಲ ತೆಗೆದು ಕೊಯ್ದು ನೀರಿಗೆ ಹಾಕಬೇಕು. "ಕಂಠಪ್ನೋರಿಗೆ ನೆಗಡಿಯಾದ್ರೆ ಹಂದಿಗಳಿಗೆ ಹಬ್ಬ ಕಣ್ಲಾ," ಎಂದು ರೈತರು ತಮಾಷೆ ಮಾಡುತ್ತಿದ್ದರು.

*

"ಅಕ್ಕಯ್ಯ, ಬಾ ಇಲ್ಲಿ," ಎಂದಳು ನೀಲಾಂಬಿಕೆ.

ಕಂಠಪ್ಪನ ಅಕ್ಕ ಪುಟ್ಟಮಲ್ಲಮ್ಮ ಬಿಲ್ವಪತ್ರೆಯ ಬುಟ್ಟಿ ಹಿಡಿದು ಹತ್ತಿರ ಬಂದು ಕೂತಳು. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು. ಬೆನ್ನು ಬಾಗಿತ್ತು, ಕೈ ಮಾತ್ರ ಇನ್ನೂ ಬೀಸುವ ಕಲ್ಲು ತಿರುಗಿಸುವಷ್ಟು ಗಟ್ಟಿ.

"ಬೆಳಿಗ್ಗೆ ಆ ಕೋಣೆಗೆ ಯಾರು ಹೋಗಿದ್ರು?"

"ಯಾರು ಓಯ್ತಾರೆ? ನಾನೇ. ಕಸ ಗುಡಿಸ್ದೆ."

"ಹಿಡಿಕೆ ಎಲ್ಲಿತ್ತು?"

"ಅರ್ಧಕ್ಕೆ ನಿಂತಿತ್ತು ಕಣವ್ವ, ಪಾಪ." ಪುಟ್ಟಮಲ್ಲಮ್ಮ ಬುಟ್ಟಿಯನ್ನು ಕೆಳಗಿಟ್ಟಳು. "ಮುಗಿಸ್ದೆ."

"ಮುಗಿಸ್ದೆ ಅಂದ್ರೆ?"

"ಅರ್ಧ ಮಾಡಿದ ಕೆಲಸ ಮನೇಲಿಟ್ಕಂಡು ಹೆಣ ಎತ್ತಬಾರ್ದು, ನಿಂಗೊತ್ತಿಲ್ವಾ? ನಮ್ಮಪ್ಪ ಓದಾಗ ಅರ್ಧ ಎಣೆದ ಕುಕ್ಕೆ ಇತ್ತು. ಅವ್ವ ಅಳ್ತಾ ಅಳ್ತಾ ಎಣೆದು ಮುಗಿಸಿ ಆಮೇಲೆ ಎತ್ತಾಕೆ ಬುಟ್ಲು. ಇಲ್ದಿದ್ರೆ ಜೀವ ಅದ್ನೇ ಸುತ್ಕಂಡಿರ್ತದೆ. ಅವನು ಮಾಡೋದ್ನ ನೋಡಿವ್ನಲ್ಲ. ತಟ್ಟೆ ಬರಿದಾಗೋಗಂಟ ಎಳ್ದೆ. ಬಿದ್ದವ್ನೆಲ್ಲ ಮೊರದೊಳಗಿನ ತೋಟಾ ಜೊತೆ ಆಕ್ದೆ. ಒಂದೂ ಕೆಡಿಸ್ಲಿಲ್ಲ."

"ಅಕ್ಕಯ್ಯ." ನೀಲಾಂಬಿಕೆಯ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಹಿಡಿಕೇನ ಅಲ್ಲಿಂದ್ಲೇ ಕೆಳಕ್ಕೆ ಎಳೆದ್ಯಾ, ಮೇಲಕ್ಕೆ ಎತ್ತಿದ್ಯಾ?"

"ಎತ್ತದೆ ಎಳೆಯಾಕಾಯ್ತದಾ? ಮೊದ್ಲು ಎತ್ತಿ, ಈಶ್ವರಾ ಅಂದು ಕೈಮುಗ್ದು, ಆಮೇಲೆ ಎಳ್ದೆ."

ಹೊರಗೆ ಬಿದಿರು ಕೊಚ್ಚುವ ಸದ್ದು. ವಿಮಾನಕ್ಕೆ ಬಾಳೆಯ ಕಂದು ಕಟ್ಟುತ್ತಿದ್ದರು. ಯಾರೋ ಇಷ್ಟಗಲ ಸಾಕೆಂದರು, ಯಾರೋ ಸಾಲದೆಂದರು. ನೀಲಾಂಬಿಕೆ ಗಂಡನ ಮುಖ ನೋಡಿದಳು. ಹಣೆಗೆ ಬಿಗಿದ ಪಟ್ಟಿಯಿಂದ ಹುಬ್ಬು ಸ್ವಲ್ಪ ಮೇಲೆ ಎಳೆದುಕೊಂಡು, ಏನಾಯಿತೆಂದು ಕೇಳುವವನ ಹಾಗೆ ಇದ್ದ.

"ಯಾಕವ್ವ? ಏನಾದ್ರೂ ತಪ್ಪಾಯ್ತಾ?"

"ಇಲ್ಲ. ಷಣ್ಮುಖನ್ನ ಕರಿ."

ಷಣ್ಮುಖಪ್ಪ ಕಂಠಪ್ಪನ ತಮ್ಮ. ಕೆ.ಆರ್. ನಗರದಾಚೆ ಹೊಸ ಅಗ್ರಹಾರದಲ್ಲಿ ಹೆಂಡತಿಯ ಕಡೆಯ ಹೊಲ ನೋಡಿಕೊಂಡಿದ್ದವನು, ಸುದ್ದಿ ತಿಳಿದು ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದ. ಅಣ್ಣನಿಗೆ ಮಕ್ಕಳಿಲ್ಲ. ಅಂಗಡಿ, ಯಂತ್ರ, ಹೆಸರು, ಎಲ್ಲ ಇನ್ನು ತನ್ನದೆಂಬುದು ಅವನ ನಡಿಗೆಯಲ್ಲಿ ಆಗಲೇ ಬಂದುಬಿಟ್ಟಿತ್ತು. ಕುಕ್ಕರುಗಾಲಲ್ಲಿ ಕೂತು, ಅತ್ತಿಗೆ ಹೇಳಿದ್ದನ್ನು ಪೂರ್ತಿ ಕೇಳಿದ. ಕೇಳುತ್ತ ಕೇಳುತ್ತ ಹೆಗಲ ಮೇಲಿನ ಟವೆಲನ್ನು ಎರಡು ಸಲ ತೆಗೆದು ಹಾಕಿಕೊಂಡ.

"ಇರಬಹುದು ಅಂತೀರಿ. ಇದ್ದೇ ಅದೆ ಅಂತ ಗ್ಯಾರಂಟಿ ಇಲ್ಲ."

"ಅಕ್ಕಯ್ಯ ಎತ್ತಿ ಎಳೆದವ್ಳೆ. ಇದ್ದೇ ಅದೆ."

"ಮೆತ್ತಗೆ ಮಾತಾಡಿ ಅತ್ಗೆ." ಅವನು ಬಾಗಿಲ ಕಡೆ ನೋಡಿದ. "ಮೊರದ ತುಂಬ ತೋಟಾ ಇತ್ತು. ಅದರಲ್ಲಿ ಒಂದು. ಯಾರ ಹತ್ರ ಹೋಯ್ತೋ ಏನೋ. ಈಗ ಇಷ್ಟು ಜನರ ಮುಂದೆ, ಅಣ್ಣನ ಹೆಣದ ಮುಂದೆ, ಅವನ ತೋಟಾ ಕೆಟ್ಟದ್ದು ಅಂತ ಡಂಗುರ ಹೊಡಿಸ್ಬೇಕಾ? ನಾಳೆ ಆ ಯಂತ್ರಾನ ಯಾರು ನಂಬ್ತಾರೆ?"

"ಅಣ್ಣಯ್ಯ ಕೋವಿಗೆ ತುಂಬಿಟ್ಟವ್ನೆ ಷಣ್ಮುಖ. ಅದೇ ಆಗಿದ್ರೆ?"

ಷಣ್ಮುಖಪ್ಪನ ಕಣ್ಣು ಜಗುಲಿಯ ಕಂಬಕ್ಕೆ ಒರಗಿದ್ದ ಕೋವಿಯ ಮೇಲೆ ಹೋಯಿತು. ಅವನೇನೂ ಕೆಟ್ಟವನಲ್ಲ. ಅವನ ಹಣೆಯಲ್ಲೂ ಬೆವರು ಬಂದಿತ್ತು.

"ಸರಿ. ಈಡು ಬೇಡ ಅಂತೀನಿ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಅಯ್ನೋರು ಬೇಡ ಅಂದ್ರು ಅಂತ ಹೇಳ್ತೀನಿ. ಅಲ್ಲಿಗೆ ಮುಗೀತು. ನೀವು ಇದನ್ನ ಇನ್ಯಾರ ಹತ್ರಾನೂ ಆಡಬೇಡಿ."

*

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕಂಠಪ್ಪ ಕೋಣೆಗೆ ಹೋಗಿದ್ದ. ರಾಗಿ ತೆನೆ ಹಾಲುಗಟ್ಟಿತ್ತು. ಹಂದಿ ಇಳಿಯುವ ಕಾಲ. ಖಾಲಿ ತೋಟಾಗಳ ಚೀಲಗಳು ಹಜಾರದ ತುಂಬ ಬಂದು ಬಿದ್ದಿದ್ದವು.

ನೀಲಾಂಬಿಕೆ ಬಾಗಿಲಾಚೆ ಕೂತು ಅವರೆಕಾಯಿ ಸುಲಿಯುತ್ತ ಹಿಡಿಕೆಯ ಸದ್ದು ಕೇಳುತ್ತಿದ್ದಳು. ಎಳೆದಾಗ ಒಂದು ಉಸಿರು, ತಟ್ಟೆ ತಿರುಗಿದಾಗ ಒಂದು ಟಕ್, ತೋಟಾ ಮೊರಕ್ಕೆ ಬಿದ್ದಾಗ ಒಂದು ಮೆತ್ತನೆಯ ಪೆಟ್ಟು. ಯಾವಾಗಲೋ ಸದ್ದು ನಿಂತಿತು. ಕೇಪು ಅಡ್ಡ ಬಿದ್ದಿರಬೇಕು, ಸರಿಮಾಡುತ್ತಿದ್ದಾರೆ ಎಂದುಕೊಂಡಳು. ಇನ್ನೂ ಸದ್ದಿಲ್ಲ. ಮದ್ದಿನ ಕೊಳವೆ ಕಟ್ಟಿರಬೇಕು. ಅವರೆಕಾಳು ಬಟ್ಟಲು ತುಂಬಿತು. ಬಿಸಿಲು ಹೊಸ್ತಿಲಿನಿಂದ ಅಂಗಳಕ್ಕೆ, ಅಂಗಳದಿಂದ ಗೋಡೆಗೆ ಏರಿತು. ಕಾಫಿ ಮಾಡಿ ಲೋಟ ಹಿಡಿದು ಬಾಗಿಲವರೆಗೆ ಹೋದಳು. ತಳ್ಳಲು ಕೈ ಎತ್ತಿದಳು. ಹಿಡಿಕೆ ಕೈಯಲ್ಲಿದ್ದರೆ? ಕೈ ಇಳಿಸಿದಳು. ಕಾಫಿ ಆರಿತು.

ಕೋವಿಯನ್ನು ಒಂದು ಸಲವೂ ಹಾರಿಸದ ಮನುಷ್ಯ. ಮಾಂಸ ಮುಟ್ಟದ ಮನುಷ್ಯ. "ಜೀವ ತೆಗೆಯೋದಕ್ಕೆ ತುಂಬಿ ಕೊಡ್ತೀಯಲ್ಲೋ," ಎಂದು ಮಠದ ಅಯ್ಯನವರು ಕೇಳಿದಾಗ, "ಹಂದಿ ಲೆಕ್ಕ ಶಿವನಿಗೆ ಸೇರಿದ್ದು ಸ್ವಾಮಿ, ಇವರ ಕೈಬೆರಳ ಲೆಕ್ಕ ನನ್ನದು," ಎಂದಿದ್ದ. ತೋಟಾ ಒಯ್ದವರು ಮತ್ತೆ ಸಂತೆಗೆ ಬರುವ ತನಕ ಅವನ ಜೀವಕ್ಕೆ ಸಮಾಧಾನವಿರಲಿಲ್ಲ. ಬಂದವರ ಕೈಗಳನ್ನು ಮೊದಲು ನೋಡುತ್ತಿದ್ದ, ಆಮೇಲೆ ಮುಖವನ್ನು. "ಹೆಂಗಿತ್ತು?" ಎನ್ನುತ್ತಿದ್ದ. "ಹಂದಿ ತಪ್ಪಿಸ್ಕತ್ತು," ಎಂದು ಅವರು ಬೇಜಾರಿನಿಂದ ಹೇಳಿದರೆ, "ಹೋಗ್ಲಿ ಬುಡು, ಹೋಗ್ಲಿ ಬುಡು," ಎಂದು ಸಂತೋಷಪಡುತ್ತಿದ್ದ. ಅವನೇಕೆ ಸಂತೋಷಪಡುತ್ತಾನೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ, ಇನ್ನು ಕತ್ತಲಲ್ಲಿ ಅವನಿಗೆ ಕಾಣುವುದಿಲ್ಲವಲ್ಲ ಎಂಬ ನೆಪ ಹಿಡಿದು ಅವಳು ಬಾಗಿಲು ತಳ್ಳಿದಳು. ಅವನು ಯಂತ್ರದ ಕಂಬಕ್ಕೆ ಹಣೆ ಕೊಟ್ಟು ಕೂತಿದ್ದ.

*

"ಬೇಡ ಅಂದ್ರೆ ಬೇಡ ಬುಡಿ," ಅಣ್ಣಯ್ಯನ ದನಿ ಕಿಟಕಿಯಿಂದ ಕೇಳಿಸಿತು. "ಅಯ್ನೋರ ಮಾತು ಮೀರಾಕಾಯ್ತದಾ."

"ಬೇಜಾರು ಮಾಡ್ಕಬೇಡಿ," ಎಂದ ಷಣ್ಮುಖಪ್ಪ.

"ಬೇಜಾರ್ಯಾಕೆ? ಕಂಠಪ್ನೋರ ಕೊನೇ ತೋಟಾ. ಗಾಳಿಗೆ ಆರಿಸೋದು ದಂಡ ಅಂತ ನಂಗೂ ಅನ್ನುಸ್ತು. ಇವತ್ತು ಸಂಜೀಕೇ ನಮ್ಮ ಒಲಕ್ಕೆ ಬತ್ತದಲ್ಲ, ಆ ಒಂಟಿ ಕೋರೆಯ ಹಂದಿ, ಅದಕ್ಕೇ ಮಡಗ್ತೀನಿ. ಏನಂತೀಯ ಕುಳ್ಳಯ್ಯ?"

"ಊಂ ಕಣಪ್ಪ," ಎಂದ ಪಕ್ಕದ ಕುಳ್ಳಯ್ಯ. "ಆ ಕೈ ಗುಣಕ್ಕೆ ಬಿದ್ದೇ ಬೀಳ್ತದೆ. ನಂದೂ ಮಡೀಕತೀನಿ, ಮಗಂಗೆ ಕೊಡ್ತೀನಿ. ಈ ಸಲ ಅವ್ನೇ ಕಾವಲು."

ಎಲ್ಲರೂ ತಮ್ಮ ತಮ್ಮ ಚೀಲಗಳನ್ನು ಬಿಗಿಯುವ ಸದ್ದು. ಷಣ್ಮುಖಪ್ಪ ಏನೂ ಹೇಳಲಿಲ್ಲ. ನೀಲಾಂಬಿಕೆ ಕಾದಳು. ಹೇಳುತ್ತಾನೆ, ಈಗ ಹೇಳುತ್ತಾನೆ. ಬಿದಿರಿನವರು ವಿಮಾನವನ್ನು ಎತ್ತಿ ಅಂಗಳದ ನಡುವೆ ಇಟ್ಟರು. "ಹೊತ್ತಾಯ್ತು, ಗುಣಿ ಹತ್ರ ಕಾಯ್ತಾವ್ರೆ," ಎಂದು ಅಯ್ಯನವರು ಎದ್ದರು.

ಅವಳೂ ಎದ್ದಳು.

"ಏ, ಕೂತ್ಕೊ! ಏಳಬಾರ್ದು ಕಣೇ!" ಹೆಂಗಸರು ಸೆರಗು ಹಿಡಿದರು. ಅವಳು ಸೆರಗು ಬಿಡಿಸಿಕೊಂಡು ಹೊಸ್ತಿಲು ದಾಟಿ ಜಗುಲಿಗೆ ಬಂದಳು. ಗಂಡಸರ ಮಾತು ಒಂದೊಂದೇ ನಿಂತಿತು.

"ಅಣ್ಣಯ್ಯ, ಆ ಕೋವಿ ಬಿಚ್ಚು."

"ಅಮ್ಮಾರೆ?"

"ಒಳಗಿರೋ ತೋಟಾ ತೆಗಿ. ಚೀಲದಲ್ಲಿರೋದ್ನೂ ತೆಗಿ. ಇವತ್ತು ಮೊರದಿಂದ ತಗಂಡೋರೆಲ್ಲ ತೆಗೀರಿ. ಅದರಲ್ಲಿ ಒಂದಕ್ಕೆ ಮದ್ದು ಎರಡು ಸಲ ಬಿದ್ದದೆ. ಯಾವುದು ಅಂತ ನಂಗೊತ್ತಿಲ್ಲ. ನೋಡಿದ್ರೆ ಗೊತ್ತಾಗಕಿಲ್ಲ."

"ಅತ್ಗೆಗೆ ದುಃಖದಲ್ಲಿ ಏನೇನೋ..." ಎಂದು ಷಣ್ಮುಖಪ್ಪ ಮುಂದೆ ಬಂದ. ಅವಳು ಅವನ ಕಡೆ ನೋಡಲಿಲ್ಲ.

"ಅವರು ಹಿಡಿಕೆ ಅರ್ಧ ಎಳೆದು ಹೋಗ್ಬುಟ್ರು. ಬೆಳಿಗ್ಗೆ ಅದನ್ನ ಎತ್ತಿ ಮತ್ತೆ ಎಳೆದವ್ರೆ. ಅದಕ್ಕೇ ಹೇಳ್ತಿದೀನಿ. ನಿಮ್ಮ ಕಣ್ಣು, ಕೈ, ನಿಮ್ಮ ಮಕ್ಕಳ ಕೈ. ತೆಗೀರಿ."

ಅಣ್ಣಯ್ಯ ಕಂಬಕ್ಕೆ ಒರಗಿಸಿದ್ದ ಕೋವಿಯನ್ನು ನೋಡಿದ. ಅದನ್ನು ಈಗ ಮುಟ್ಟಲೋ ಬೇಡವೋ ಎಂದು ಅವನಿಗೆ ಗೊತ್ತಾಗಲಿಲ್ಲ.

"ಎಳೆದೋರು ಯಾರು?" ಎಂದ ಕುಳ್ಳಯ್ಯ.

ನೀಲಾಂಬಿಕೆ ಬಾಯಿ ತೆರೆದಳು. ಅಕ್ಕಯ್ಯ ಎಂದರೆ ಗಂಡನ ಹೆಸರು ಉಳಿಯುತ್ತಿತ್ತು. ಆದರೆ ಆ ಮುದುಕಿಯೊಂದಿಗೆ ನಾಳೆಯಿಂದ ಒಂದೇ ಒಲೆಯ ಮುಂದೆ ಕೂರಬೇಕಾದವಳು ತಾನು.

"ಯಾರೋ ಎಳೆದ್ರು. ಅದ್ಯಾಕೆ ಈಗ?"

"ಅಂಗಂದ್ರೆ ಎಂಗಮ್ಮಾ? ಅವ್ರೇ ಎಡವಟ್ಟು ಮಾಡುದ್ರಾ? ಅವ್ರೇ ಆದ್ರೆ, ಓದ್ ವಾರ ಕೊಟ್ಟಿದ್ದು?"

"ನಾನು ಕಣಪ್ಪ! ನಾನು!" ಪುಟ್ಟಮಲ್ಲಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಎರಡೂ ಕೈಯನ್ನು ಎದುರಿಗೆ ಚಾಚಿಕೊಂಡಿದ್ದಳು, ಅವು ತನ್ನವಲ್ಲ ಎನ್ನುವ ಹಾಗೆ. "ನನ್ನ ತಮ್ಮ ಒಂದು ದಿನಾನೂ ಕೆಡಿಸ್ದೋನಲ್ಲ. ಅವನ ಕೆಲಸ ಮುಗಿಸಿ ಕಳಿಸಾನ ಅಂತ ನಾನೇ ಎಳ್ದೆ. ಅವನ ಮೇಲೆ ಆಕಬ್ಯಾಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಅವನ ಕೈ ಅಲ್ಲ, ನನ್ನ ಕೈ!"

ನೀಲಾಂಬಿಕೆ ಅವಳನ್ನು ಹಿಡಿದುಕೊಂಡಳು. ಮುದುಕಿಯ ಮೈ ಬಿಸಿಲಿಗಿಟ್ಟ ಪಾತ್ರೆಯಂತೆ ಸುಡುತ್ತಿತ್ತು.

ಕುಳ್ಳಯ್ಯ ಆ ಚಾಚಿದ ಕೈಗಳನ್ನೇ ನೋಡುತ್ತಿದ್ದ. ನಿಧಾನವಾಗಿ ಅವನ ಮುಖದಲ್ಲಿ ಇನ್ನೊಂದು ಯೋಚನೆ ಬಂತು.

"ಅಂದ್ರೆ ನಿಮಗೂ ಆ ಯಂತ್ರ ಎಳೆಯಾಕೆ ಬತ್ತದೆ," ಎಂದ.

"ನೋಡಿ ನೋಡಿ ಬಂತಪ್ಪ."

"ಕಂಠಪ್ನೋರಿಗೆ ಎರಡು ವರ್ಸದಿಂದ ಕಣ್ಣು ಮಂಜು ಅಲ್ವಾ? ನನ್ನ ಉಂಗ್ರದ ಮಿಂಚ್ನ ಬೀಡಿ ಬೆಂಕಿ ಅಂದ್ಕಂಡು ಬೈದಿದ್ರು ಒಂದ್ಸಲ." ಅವನು ಯಾರ ಕಡೆಯೂ ನೋಡದೆ ಕೇಳಿದ, "ಅಂಗಾದ್ರೆ ಇಷ್ಟು ದಿನ ನಮ್ಮ ತೋಟಾ ತುಂಬ್ತಿದ್ದೋರು ಯಾರು?"

"ಅವರೇ," ಎಂದಳು ನೀಲಾಂಬಿಕೆ. "ಆಣೆ ಮಾಡಿ ಹೇಳ್ತೀನಿ. ಕೊನೇ ತನಕ ಅವರೇ."

ಅಣ್ಣಯ್ಯ ಮೊದಲು ಎದ್ದ. ಕೋವಿಯ ಬಾಯನ್ನು ಬಯಲ ಕಡೆ ತಿರುಗಿಸಿ, ಮುಖ ಆಚೆ ಹೊರಳಿಸಿ, ಅದನ್ನು ನಡುವಿಗೆ ಬಗ್ಗಿಸಿದ. ತೋಟಾವನ್ನು ಎರಡು ಬೆರಳಲ್ಲಿ ಎಳೆದು, ಬಿಸಿ ಕೆಂಡ ಹಿಡಿದವನಂತೆ ಒಳಗೆ ನಡೆದು, ಕಂಠಪ್ಪನ ಪಾದದ ಹತ್ತಿರ ಇಟ್ಟ. ಚೀಲದ್ದನ್ನೂ ಇಟ್ಟ. ಬೆಳಗಿನವು ಮುಗಿದವು, ಅವನ ಕೈ ಇನ್ನೊಂದು ಜೇಬಿಗೆ ಹೋಯಿತು. ಅದರಲ್ಲಿ ಹೋದ ವಾರದ್ದಿತ್ತು. ಒಂದು ಗಳಿಗೆ ತಡೆದ. ಅದನ್ನೂ ಇಟ್ಟ.

"ತಪ್ಪು ತಿಳೀಬ್ಯಾಡಿ ಅಮ್ಮಾರೆ," ಎಂದ. "ಮನೇಲಿ ಮಕ್ಕಳವೆ."

ಆಮೇಲೆ ಉಳಿದವರು ಸಾಲಾಗಿ ಬಂದರು. ಅಡ್ಡಬಿದ್ದು, ಇಟ್ಟು, ಎದ್ದು, ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು ಹೋದರು. ಹೂವಿನ ಮೇಲೆ ಕೆಂಪು ಕಾಗದದ ತೋಟಾಗಳು ಬಿದ್ದವು. ಹೂ ಕಾಣದಾಯಿತು. ನೀಲಾಂಬಿಕೆ ಮತ್ತೆ ತನ್ನ ಜಾಗಕ್ಕೆ ಬಂದು ಕೂತು ಪ್ರತಿಯೊಂದು ಕೈಯನ್ನೂ ನೋಡಿದಳು. ಹತ್ತೂ ಬೆರಳು, ಹತ್ತೂ ಬೆರಳು, ಹತ್ತೂ ಬೆರಳು. ಎಲ್ಲರದೂ ಸರಿಯಾಗಿತ್ತು.

ಷಣ್ಮುಖಪ್ಪ ಅವೆಲ್ಲವನ್ನೂ ಸೌದೆ ಬುಟ್ಟಿಗೆ ಬಳಿದು ಹಿತ್ತಿಲ ನೀರಿನ ತೊಟ್ಟಿಗೆ ಸುರಿದು ಬಂದ.

ಕಂಠಪ್ಪನನ್ನು ಗೂಟದಿಂದ ಬಿಡಿಸಿ ವಿಮಾನದಲ್ಲಿ ಕೂರಿಸಿದರು. ಬಲಗೈ ಬಾಳೆಯ ಕಂದಿಗೆ ತಗಲುತ್ತಿತ್ತು. ಒಂದು ಕಂದನ್ನು ಕಿತ್ತು ಜಾಗ ಮಾಡಿದರು. ಅಯ್ಯನವರು ಶಂಖ ಊದಿದರು. ವಿಮಾನ ಎದ್ದಿತು. ಯಾವ ಈಡೂ ಹಾರಲಿಲ್ಲ. ಕಾಗೆಗಳು ಹುಣಸೆ ಮರದಲ್ಲಿ ಹಾಗೆಯೇ ಕೂತಿದ್ದವು.

ಹೆಂಗಸರು ಬೇಲಿಯ ತನಕ ಬಂದು ನಿಂತರು. ದಾರಿ ಅಲ್ಲಿಂದ ಹೊಲದ ಕಡೆ ಇಳಿಯುತ್ತಿತ್ತು. ವಿಮಾನದ ಹಿಂದೆ ಕೋವಿಯವರು ನಡೆದರು. ಬಗ್ಗಿಸಿದ ಕೋವಿಗಳನ್ನು ಮೊಣಕೈಗೆ ಅಡ್ಡ ಹಾಕಿಕೊಂಡಿದ್ದರು. ಸ್ವಲ್ಪ ದೂರ ಹೋದ ಮೇಲೆ ಅಣ್ಣಯ್ಯ ನಿಂತ. ಕೋವಿಯನ್ನು ಎತ್ತಿ, ನಳಿಗೆಯ ಹಿಂಬದಿಗೆ ಕಣ್ಣಿಟ್ಟು, ಆಕಾಶದ ಕಡೆ ಹಿಡಿದು ನೋಡಿದ. ಖಾಲಿಯಿತ್ತು. ಇಳಿಸಿ ನಾಲ್ಕು ಹೆಜ್ಜೆ ನಡೆದ. ಮತ್ತೆ ನಿಂತ, ಮತ್ತೆ ಎತ್ತಿ ನೋಡಿದ. ಅವನನ್ನು ನೋಡಿ ಹಿಂದಿನವನೂ ಎತ್ತಿದ. ಅವನ ಹಿಂದೆ ಕುಳ್ಳಯ್ಯ.